ದಿಕ್ಕು ಬದಲಾದರೆ ವೇಗವೂ ಬದಲಾಗುವ ಗುಣಕ್ಕೆ ಏನೆನ್ನುವುದು?

ಎಲ್ಲರಿಗೂ ಹಾಸನದಿಂದ ನಮಸ್ಕಾರ.

ಇಲ್ಲಿನ ಪ್ರೌಢಶಾಲೆಯ ಮಕ್ಕಳಿಗಾಗಿ ಭೂಮಿಯ ಒಡಲಿನ ಬಗ್ಗೆ ಕಿರುಹೊತ್ತಗೆಯೊಂದನ್ನು ಸಿದ್ಧಪಡಿಸುತ್ತಿದ್ದೇನೆ. ಹೆಚ್ಚಿನ ಪದಗಳಿಗೆ ತೊಡಕಿಲ್ಲ. ಭೂಕವಚ, ಮ್ಯಾಂಟಲ್, ಕೇಂದ್ರಗೋಳ ಇವೆಲ್ಲ ಪಾಠದಿಂದಲೇ ಮಕ್ಕಳ ನಾಲಗೆಗೆ ಬಂದಿವೆ. (ಕೇಂದ್ರಗೋಳವನ್ನು 'ತಿರುಳು' ಎಂದೇಕೆ ಬರೆಯಬಾರದು ಎಂದು ಇಲ್ಲಿ ಯಾರಾದರೂ ಕೇಳಿಯೇ ಕೇಳುತ್ತೀರಿ. ನಮ್ಮ ಕಡೆ ತಿರುಳು ಎಂದರೆ ಹುಣಸೆಯದೋ ಬೇಲದ ಹಣ್ಣಿನದೋ ನೆನಪಾಗುತ್ತದೆ. ಕೇಂದ್ರಗೋಳದ ಒಳಭಾಗದ, ಸುಮಾರು 1,220 ಕಿ.ಮೀ. ತ್ರಿಜ್ಯದ ಗಟ್ಟಿ ಕಬ್ಬಿಣಕ್ಕೆ ಅದನ್ನು ಹಚ್ಚಲು ನನಗೆ ಮನಸ್ಸಿಲ್ಲ. 'ಗರ್ಭ' ಎನ್ನೋಣವೆಂದರೆ ಕೊಳವೆಬಾವಿಯ ನೀರೂ ಭೂಗರ್ಭದ್ದೇ!)

ಆ ಗಟ್ಟಿ ಒಳ ಕೇಂದ್ರಗೋಳ ಇದೆ ಎಂದು ತಿಳಿದದ್ದೇ ಭೂಕಂಪದ ಅಲೆಗಳಿಂದ. 1929ರಲ್ಲಿ ನ್ಯೂಜಿಲೆಂಡಿನಲ್ಲಿ ಆದ ಭೂಕಂಪದ ದಾಖಲೆಗಳನ್ನು ಪರಿಶೀಲಿಸುತ್ತಿದ್ದ ಡೆನ್ಮಾರ್ಕಿನ ಇಂಗೆ ಲೆಹ್ಮನ್, ಅಲೆ ತಲುಪಬಾರದ ನೆರಳಿನ ಪಟ್ಟಿಯಲ್ಲೂ ಕ್ಷೀಣವಾದ ಪ್ರಾಥಮಿಕ ಅಲೆಗಳು (ಭೂಕಂಪದ ಅಲೆಗಳಲ್ಲಿ ಎಲ್ಲಕ್ಕಿಂತ ವೇಗದವು) ಬಂದಿರುವುದನ್ನು ಗಮನಿಸಿದರು. ಕೇಂದ್ರಗೋಳದೊಳಗೆ ಇನ್ನೊಂದು ಗೋಳವಿದ್ದು, ಅಲೆಗಳು ಅದರಿಂದ ತಿರುಗಿ ಬರುತ್ತಿವೆ ಎಂದು 1936ರಲ್ಲಿ ಬರೆದರು. ಇಷ್ಟನ್ನು ಬರೆಯುವಾಗ ಕನ್ನಡ ಎಲ್ಲಿಯೂ ಕೈಕೊಡಲಿಲ್ಲ.

ಸಿಕ್ಕಿಕೊಂಡದ್ದು ಮುಂದಿನ ಪುಟದಲ್ಲಿ. ಒಳ ಕೇಂದ್ರಗೋಳವನ್ನು ಧ್ರುವದಿಂದ ಧ್ರುವದ ಕಡೆಗೆ ಹಾಯುವ ಅಲೆ, ಸಮಭಾಜಕಕ್ಕೆ ಸಮಾಂತರವಾಗಿ ಹಾಯುವ ಅಲೆಗಿಂತ ಕೆಲವು ಸೆಕೆಂಡು ಮುಂಚೆ ಬಂದುಬಿಡುತ್ತದೆ. ಇಡೀ ಭೂಮಿಯನ್ನು ದಾಟಲು ಹಿಡಿಯುವುದೇ ಸುಮಾರು ಇಪ್ಪತ್ತು ನಿಮಿಷ. ಧ್ರುವಗಳಲ್ಲಿ ಭೂಮಿ ತುಸು ಚಪ್ಪಟೆ ಎಂಬುದನ್ನು ಲೆಕ್ಕಕ್ಕೆ ಹಿಡಿದ ಮೇಲೂ ಆ ವ್ಯತ್ಯಾಸ ಉಳಿಯುತ್ತದೆ. ಕಬ್ಬಿಣದ ಹರಳುಗಳು ಬಹುಮಟ್ಟಿಗೆ ಒಂದೇ ದಿಕ್ಕಿಗೆ ಓರಣಗೊಂಡಿರುವುದೇ ಇದಕ್ಕೆ ಕಾರಣವೆಂಬುದು 1980ರ ದಶಕದಿಂದ ಬಲಗೊಂಡ ವಿವರಣೆ. ವಸ್ತು ಅದೇ, ಜಾಗ ಅದೇ; ಹಾಯುವ ದಿಕ್ಕು ಬೇರೆಯಾದರೆ ವೇಗ ಬೇರೆ. ಈ ಗುಣಕ್ಕೆ ನನಗೊಂದು ಹೆಸರು ಬೇಕು.

'ವಿಷಮತೆ' ಎಂದು ಬರೆದವರಿದ್ದಾರೆ. ಅದು ಸಲ್ಲದು. ಇಲ್ಲಿ ಒಂದು ಬಗೆ, ಅಲ್ಲಿ ಇನ್ನೊಂದು ಬಗೆ ಇದ್ದರೆ ವಿಷಮತೆ. ಒಳ ಕೇಂದ್ರಗೋಳದ ಪೂರ್ವಾರ್ಧ, ಪಶ್ಚಿಮಾರ್ಧಗಳು ಒಂದೇ ತೆರನಾಗಿಲ್ಲ ಎಂಬ ಸಂಗತಿಯೂ ಅದೇ ಪುಟದಲ್ಲಿ ಬರುವುದರಿಂದ ಆ ಪದ ಅದಕ್ಕೇ ಮೀಸಲು. ಎರಡಕ್ಕೂ ಒಂದೇ ಹೆಸರಿಟ್ಟರೆ ಓದುವ ಮಗು ಎಡವುವುದು ಖಚಿತ. ಗೆಳೆಯರೊಬ್ಬರು ಸೂಚಿಸಿದ 'ಅಸಮದೈಶಿಕತೆ' ಅರ್ಥದಲ್ಲಿ ಸರಿಯೇ, ಆದರೆ ಆ ಪದವನ್ನು ಬಿಡಿಸಿ ಹೇಳುವಷ್ಟರಲ್ಲಿ ಪಾಠದ ಗಂಟೆ ಮುಗಿದಿರುತ್ತದೆ.

ನಮ್ಮ ಮರದ ಮಿಲ್ಲಿನವರ ಮಾತಿನಲ್ಲಿ 'ಎಳೆ' ಇದೆ. ತೋಟದಿಂದ ಬಂದ ಸಿಲ್ವರ್ ಮರದ ತುಂಡನ್ನು ನೆಟ್ಟಗೆ ನಿಲ್ಲಿಸಿ ಎಳೆಯುದ್ದಕ್ಕೆ ಕೊಡಲಿ ಹಾಕಿದರೆ ಒಂದೇ ಏಟಿಗೆ ಎರಡು ಹೋಳು. ಮಲಗಿಸಿ ಅಡ್ಡಕ್ಕೆ ಹಾಕಿದರೆ ಕೊಡಲಿ ಕಚ್ಚಿಕೊಂಡು ನಿಲ್ಲುತ್ತದೆ. ಸದ್ದು ಕೂಡ ಮರದಲ್ಲಿ ಎಳೆಯುದ್ದಕ್ಕೆ ಓಡುವ ವೇಗ ಅಡ್ಡಕ್ಕಿಂತ ಬಹಳ ಹೆಚ್ಚು, ಹಾಗಾಗಿ ಹೋಲಿಕೆ ಬರೀ ಹೋಲಿಕೆಯಲ್ಲ. ಅದಕ್ಕೇ 'ಎಳೆಗುಣ' ಎಂದು ಬರೆದು ನೋಡಿದೆ. ಆದರೆ ಎಳೆಗರು, ಎಳೆಬಿಸಿಲುಗಳ ಸಾಲಿಗೆ ಸೇರಿಕೊಂಡು ಅದು ಎಳೆಯ ವಯಸ್ಸಿನ ಗುಣದಂತೆ ಕೇಳಿಸುತ್ತದೆ.

ಈಗ 'ದಿಕ್ಕುವಾರು ವೇಗಭೇದ' ಎಂಬಲ್ಲಿಗೆ ಬಂದು ನಿಂತಿದ್ದೇನೆ. ಜಿಲ್ಲಾವಾರು, ವಿಷಯವಾರು ಎಂದು ಕಚೇರಿಗಳಲ್ಲಿ ದಿನವೂ ಬಳಸುವ 'ವಾರು' ಇಲ್ಲಿಯೂ ಸಲೀಸಾಗಿ ಕೂರುತ್ತದೆ. ಕೊರತೆ ಒಂದೇ: ವೇಗ ಬಿಟ್ಟು ಬೇರೆ ಗುಣಗಳಿಗೆ, ಉದಾಹರಣೆಗೆ ಶಾಖ ಹರಿಯುವುದಕ್ಕೆ, ಇದು ಹೊಂದುವುದಿಲ್ಲ. ಬರೀ 'ದಿಕ್ಕುಭೇದ' ಎಂದರೆ ಸಾಕೇ, ಅಥವಾ ದಿಕ್ಕುಗಳೇ ಬೇರೆಬೇರೆ ಎಂದಾಗಿಬಿಡುತ್ತದೆಯೇ? ಭೌತವಿಜ್ಞಾನ ಕಲಿಸುವವರು ತರಗತಿಯಲ್ಲಿ ಏನು ಹೇಳುತ್ತೀರಿ ಎಂದು ತಿಳಿಸಿದರೆ ಉಪಕಾರವಾಗುತ್ತದೆ.

ಜೊತೆಗೆ ಇನ್ನೊಂದು. ಒಳ ಕೇಂದ್ರಗೋಳದ ಒಳಗೂ ಬೇರೊಂದು ಗೋಳವಿದೆ ಎಂಬ ವಾದ 2002ರಿಂದ ಇದೆ. ಭೂಮಿಯ ವ್ಯಾಸದುದ್ದಕ್ಕೂ ಐದು ಬಾರಿಯವರೆಗೆ ಓಡಾಡಿದ ಅಲೆಗಳನ್ನು ಗುರುತಿಸಿದ ಆಸ್ಟ್ರೇಲಿಯಾದ ಸಂಶೋಧಕರು 2023ರಲ್ಲಿ ಅದರ ತ್ರಿಜ್ಯ ಸುಮಾರು 650 ಕಿ.ಮೀ. ಎಂದರು. ಅದನ್ನು 'ಒಳಗಿನ ಒಳ ಕೇಂದ್ರಗೋಳ' ಎಂದರೆ ತೊದಲಿದಂತಾಗುತ್ತದೆ. ತುತ್ತತುದಿ, ಕಟ್ಟಕಡೆಗಳ ಜಾಡಿನಲ್ಲಿ 'ನಟ್ಟನಡುಗೋಳ' ಎಂದು ಬರೆದಿಟ್ಟಿದ್ದೇನೆ. ಅಡ್ಡಿಯಿಲ್ಲವಷ್ಟೆ?