ಡೆಸ್ಕ್‌ಟಾಪ್‌ಗೆ ಹಾರ್ಡ್ ಡಿಸ್ಕ್: 8 ಟಿಬಿ ಒಂದಾ, 4 ಟಿಬಿ ಎರಡಾ?

ಪ್ರಶ್ನೆ (ಫೋಟೋ ಸ್ಟುಡಿಯೋ, ಮಂಡ್ಯ):

ಅಣ್ಣ ನಮಸ್ಕಾರ. ನೂರಡಿ ರಸ್ತೆ ಹತ್ರ ನಂದೊಂದು ಸಣ್ಣ ಸ್ಟುಡಿಯೋ ಐತೆ. ಮದುವೆ, ನಾಮಕರಣ, ಬೀಗರೂಟ ಎಲ್ಲಾ ಮಾಡ್ತೀವಿ. ಎಡಿಟಿಂಗ್ ಸಿಸ್ಟಂ ತಗೊಂಡು ಏಳು ವರ್ಷ ಆಯ್ತು. ಒಳಗಿರೋದು 1 ಟಿಬಿ ಹಾರ್ಡ್ ಡಿಸ್ಕ್ ಒಂದೇ, ವಿಂಡೋಸೂ ಅದ್ರಲ್ಲೇ, ಫೋಟೋನೂ ಅದ್ರಲ್ಲೇ. ಈಗ ಕೆಂಪು ಪಟ್ಟಿ ಬಂದ್ಬುಟ್ಟೈತೆ. ಬೆಳಿಗ್ಗೆ ಆನ್ ಮಾಡಿ ಕಾಫಿ ಕುಡ್ಕೊಂಡು ಬಂದ್ರೂ ಓಪನ್ ಆಗಿರಲ್ಲ. 8 ಟಿಬಿ ಒಂದು ಹಾಕ್ಬುಡನ ಅಂತಿದೀನಿ. ಅಂಗಡೀಲಿ ಸಿಸಿಟಿವಿಗೆ ಹಾಕೋ ಡಿಸ್ಕ್ ಇದೆ, ಅದನ್ನೇ ತಗೊಳ್ಳಿ ಅಂತಾರೆ. ನಮ್ ತಮ್ಮ ಎಸ್‌ಎಸ್‌ಡಿನೇ ಹಾಕು ಅಂತಾನೆ. ಯಾವ್ದು ತಗೋಬೇಕು? ನಾನೇ ಹಾಕ್ಕೋಬಹುದಾ, ಸಿಸ್ಟಂ ಮೈಸೂರಿಗೆ ತರಬೇಕಾ?

ಉತ್ತರ (ಕಂಪ್ಯೂಟರ್ ಸರ್ವಿಸ್, ಮೈಸೂರು):

ನಮಸ್ಕಾರ ಅಣ್ಣ. ಅದಕ್ಕೋಸ್ಕರ ಸಿಸ್ಟಂ ಹೊತ್ಕೊಂಡು ಮೈಸೂರಿಗೆ ಬರಬೇಡಿ. ಸ್ಟಾರ್ ಸ್ಕ್ರೂಡ್ರೈವರ್ ಒಂದಿದ್ದರೆ ನೀವೇ ಹಾಕ್ಕೋಬಹುದು. ಆದರೆ 8 ಟಿಬಿ ಒಂದೇ ತಗೋಬೇಡಿ ಅಂತ ಕೈ ಮುಗಿದು ಕೇಳ್ಕೋತೀನಿ. ಸ್ವಲ್ಪ ಜಾಸ್ತಿ ಬಿದ್ದರೂ 4 ಟಿಬಿದು ಎರಡು ತಗೊಳ್ಳಿ. ಒಂದು ಕ್ಯಾಬಿನೆಟ್ ಒಳಗೆ, ಇನ್ನೊಂದು ಅದರ ನಕಲಿಗೆ. ನಿಮ್ಮ ಹತ್ತಿರ ಇರೋದು ಬೇರೆಯವರ ಮನೆ ಮದುವೆ. ಧಾರೆ ಎರೆಯೋದನ್ನ ಇನ್ನೊಂದು ಸಲ ಶೂಟ್ ಮಾಡೋಕಾಗಲ್ಲ. ಹಾರ್ಡ್ ಡಿಸ್ಕ್ ಅಂದ್ರೆ ತಿರುಗೋ ಯಂತ್ರ, ಯಾವ ಕಂಪನಿದಾದರೂ ಒಂದು ದಿನ ನಿಲ್ಲುತ್ತೆ. ಎಲ್ಲಾ ಒಂದರಲ್ಲೇ ತುಂಬಿದ್ದರೆ ಅವತ್ತು ಎಲ್ಲಾ ಒಟ್ಟಿಗೆ ಹೋಗುತ್ತೆ.

ನಿಧಾನದ ವಿಷಯದಲ್ಲಿ ನಿಮ್ಮ ತಮ್ಮ ಹೇಳಿದ್ದು ಸರಿ. ನಿಮಿಷಕ್ಕೆ 7200 ಸುತ್ತು ತಿರುಗೋ ಡಿಸ್ಕ್ ಒಂದು ಸುತ್ತಿಗೆ 8.3 ಮಿಲಿಸೆಕೆಂಡ್ ತಗೊಳ್ಳುತ್ತೆ. ಅದರ ಜೊತೆಗೆ ಓದೋ ಹೆಡ್ ಬೇಕಾದ ಜಾಗಕ್ಕೆ ಸರಿದು ಹೋಗೋ ಹೊತ್ತೂ ಸೇರುತ್ತೆ. ವಿಂಡೋಸ್ ಶುರುವಾಗುವಾಗ ಸಾವಿರಾರು ಸಣ್ಣ ಫೈಲುಗಳನ್ನ ಅಲ್ಲಿಂದೊಂದು ಇಲ್ಲಿಂದೊಂದು ಹೆಕ್ಕುತ್ತೆ, ಪ್ರತಿ ಸಲವೂ ಹೀಗೆ ಸ್ವಲ್ಪ ಸ್ವಲ್ಪ ಕಾಯಬೇಕು. ಎಸ್‌ಎಸ್‌ಡಿ ಅಂದ್ರೆ ಚಿಪ್‌ಗಳಲ್ಲೇ ಡೇಟಾ ಇಡೋದು, ಅದರಲ್ಲಿ ತಿರುಗೋದೇ ಏನೂ ಇಲ್ಲ. ಅದಕ್ಕೆ ವಿಂಡೋಸ್ ಮತ್ತು ಎಡಿಟಿಂಗ್ ಸಾಫ್ಟ್‌ವೇರ್‌ಗೆ 500 ಜಿಬಿ ಎಸ್‌ಎಸ್‌ಡಿ ಒಂದು ಹಾಕಿ. ಮದರ್‌ಬೋರ್ಡ್‌ನಲ್ಲಿ ಎಂ.2 ಸ್ಲಾಟ್ (ನೇರವಾಗಿ ಸಿಕ್ಕಿಸೋ ಸಣ್ಣ ಜಾಗ) ಇದ್ದರೆ ಆ ಪಟ್ಟಿ ಥರದ್ದು, ಇಲ್ಲದಿದ್ದರೆ 2.5 ಇಂಚಿನ ಸಾಟಾ, ಅಂದ್ರೆ ಹಾರ್ಡ್ ಡಿಸ್ಕ್ ಥರ ಕೇಬಲ್‌ನಲ್ಲಿ ಜೋಡಿಸೋದು. ಈ ಕೆಲಸಕ್ಕೆ ಎರಡರಲ್ಲಿ ಯಾವುದಾದರೂ ನಡೆಯುತ್ತೆ. ಮುಗಿಸಿ ಕೊಟ್ಟ ಮದುವೆಗಳನ್ನ ಇಡೋಕೆ ಮಾತ್ರ ಹಾರ್ಡ್ ಡಿಸ್ಕೇ ಸಾಕು, ಅಷ್ಟು ಟಿಬಿಗೂ ಎಸ್‌ಎಸ್‌ಡಿ ಅಂದ್ರೆ ದುಡ್ಡು ದಂಡ.

ಸಿಸಿಟಿವಿ ಡಿಸ್ಕ್ ಕೆಟ್ಟದ್ದಲ್ಲ. ಹಗಲು ರಾತ್ರಿ ಒಂದೇ ಸಮ ವಿಡಿಯೋ ಬರೆಯೋಕೆ ಅಂತ ಅದನ್ನ ಹದ ಮಾಡಿರ್ತಾರೆ. ನಿಮ್ಮ ಕೆಲಸ ಬೇರೆ, ನೀವು ಒಂದು ಫೋಲ್ಡರ್ ತೆರೆದು ಎರಡು ಸಾವಿರ ಫೋಟೋ ತಿರುವಿ ಹಾಕೋರು. ಬೇರೆ ಸಿಗದೇ ಇದ್ದರೆ ಎರಡನೇ ನಕಲಿಗೆ ಬಳಸಿ.

ಅಂಗಡೀಲಿ ಯಾರೂ ತಾವಾಗಿ ಹೇಳದ ಒಂದು ವಿಷಯ ಇದೆ: ಡಿಸ್ಕ್ ಸಿಎಂಆರ್ ಹೌದಾ, ಎಸ್‌ಎಂಆರ್ ಹೌದಾ ಅನ್ನೋದು. ಇವು ತಟ್ಟೆ ಮೇಲೆ ಡೇಟಾ ಬರೆಯೋ ಎರಡು ವಿಧಾನ. ಮಂಗಳೂರು ಹೆಂಚಿನ ಮನೆ ನೆನಪು ಮಾಡ್ಕೊಳ್ಳಿ. ಒಂದು ಹೆಂಚಿನ ಅಂಚಿನ ಮೇಲೆ ಇನ್ನೊಂದು ಕೂತಿರುತ್ತೆ. ನಡುವಿನ ಒಂದು ಒಡೆದರೆ ಅದರ ಮೇಲಿನದ್ದನ್ನೂ ಎತ್ತಿ, ಬದಲಾಯಿಸಿ, ಮತ್ತೆ ಹೊದಿಸಬೇಕು. ಎಸ್‌ಎಂಆರ್ ಡಿಸ್ಕ್‌ನಲ್ಲಿ ಬರೆಯೋ ಸಾಲುಗಳು ಹಾಗೇ ಒಂದರ ಮೇಲೊಂದು ಹತ್ತಿರುತ್ತವೆ. ಅಷ್ಟೇ ಜಾಗದಲ್ಲಿ ಹೆಚ್ಚು ಡೇಟಾ ಹಿಡಿಯುತ್ತೆ ಅಂತ ಹಾಗೆ ಮಾಡ್ತಾರೆ, ಆದರೆ ಒಂದು ಸಾಲು ತಿದ್ದಬೇಕಾದರೆ ಪಕ್ಕದ ಸಾಲುಗಳನ್ನೂ ಮತ್ತೆ ಬರೀಬೇಕು. ಸ್ವಲ್ಪ ಸ್ವಲ್ಪ ಹಾಕ್ತಿದ್ದರೆ ಗೊತ್ತೇ ಆಗಲ್ಲ. ಎರಡು ದಿನದ ಮದುವೆ ಮುಗಿಸಿ ಬಂದು ನಾಲ್ಕು ಕಾರ್ಡಿನ 200 ಜಿಬಿ ಒಂದೇ ಉಸಿರಿಗೆ ಸುರಿದಾಗ, ಶುರುವಿನಲ್ಲಿ ಚೆನ್ನಾಗಿ ಓಡಿ, ಆಮೇಲೆ ಎತ್ತಿನ ಗಾಡಿ ಆಗಿಬಿಡುತ್ತೆ. ಸಿಎಂಆರ್‌ನಲ್ಲಿ ಸಾಲುಗಳು ಬೇರೆ ಬೇರೆ ಇರೋದರಿಂದ ಈ ತೊಂದರೆ ಇಲ್ಲ.

ಡೆಸ್ಕ್‌ಟಾಪ್‌ಗೆ ಅಂತಲೇ ಮಾರೋ 2, 4 ಟಿಬಿ ಡಿಸ್ಕ್‌ಗಳಲ್ಲಿ ಎಸ್‌ಎಂಆರ್ ತುಂಬಾ ಇವೆ. ಡಬ್ಬದ ಮೇಲೆ ನೋಡಿದರೆ ತಿಳಿಯಲ್ಲ. 2020ರಲ್ಲಿ ವೆಸ್ಟರ್ನ್ ಡಿಜಿಟಲ್‌ನ ರೆಡ್ ಸರಣಿಯ ಕೆಲವು ಮಾಡೆಲ್‌ಗಳು ಎಸ್‌ಎಂಆರ್ ಅಂತ ಬಳಕೆದಾರರೇ ಕಂಡುಹಿಡಿದು ದೊಡ್ಡ ಗಲಾಟೆ ಆಯ್ತು, ಆಮೇಲೆ ಕಂಪನಿಯವರು ಪಟ್ಟಿ ಹೊರಗೆ ಹಾಕಿದರು. ಆಗಿನಿಂದ ಸಿಎಂಆರ್ ಇರೋದಕ್ಕೆ ರೆಡ್ ಪ್ಲಸ್ ಅಂತ ಹೆಸರು. ಸೀಗೇಟ್‌ನಲ್ಲಿ ಐರನ್‌ವುಲ್ಫ್ ಸರಣಿ ಸಿಎಂಆರ್. ಇವೆರಡೂ ನೆಟ್‌ವರ್ಕ್ ಸ್ಟೋರೇಜ್‌ಗೆ ಮಾಡಿದ್ದು, ಆದರೂ ಮಾಮೂಲಿ ಕ್ಯಾಬಿನೆಟ್‌ನಲ್ಲಿ ಚೆನ್ನಾಗಿ ಕೆಲಸ ಮಾಡ್ತವೆ. ಬೇರೆ ಯಾವುದೇ ತಗೊಂಡರೂ ಲೇಬಲ್ ಮೇಲಿನ ಪೂರ್ತಿ ಮಾಡೆಲ್ ನಂಬರ್ ನೋಡಿ, ತಯಾರಕರ ಸೈಟ್‌ನಲ್ಲಿ ಹುಡುಕಿ, ಆಮೇಲೆ ದುಡ್ಡು ಕೊಡಿ. ಅಲ್ಲೇ ಸೀರಿಯಲ್ ನಂಬರ್ ಹಾಕಿದರೆ ವಾರಂಟಿ ಭಾರತದಲ್ಲಿ ಇದೆಯಾ, ಯಾವಾಗ ಮುಗಿಯುತ್ತೆ ಅಂತಲೂ ತೋರಿಸುತ್ತೆ. ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ ತಂದರೂ ಇಷ್ಟು ಮಾಡಿ, ಜಿಎಸ್‌ಟಿ ಬಿಲ್ ಬಿಡಬೇಡಿ.

ಪ್ರಶ್ನೆ (ಅದೇ ಸ್ಟುಡಿಯೋ):

ಆಯ್ತಣ್ಣ, ಎರಡೇ ತಗೋತೀನಿ. ಹಾಕೋದು ಹೆಂಗೆ ಅಂತ ಬಿಡಿಸಿ ಹೇಳ್ಬುಡಿ. ಹಳೇದನ್ನ ತೆಗೀಬೇಕಾ?

ಉತ್ತರ:

ಹಳೇದನ್ನ ಸದ್ಯಕ್ಕೆ ಮುಟ್ಟಬೇಡಿ, ನಿಮ್ಮ ಎಲ್ಲಾ ಮದುವೆ ಈಗ ಅದೊಂದರಲ್ಲೇ ಇರೋದು.

ಮೊದಲು ಗೋಡೆಯ ಸ್ವಿಚ್ ಆಫ್ ಮಾಡಿ ಪವರ್ ಕೇಬಲ್ ಕಿತ್ತುಹಾಕಿ. ಯುಪಿಎಸ್ ಇದ್ದರೆ ಅದರಿಂದಲೂ ಕೀಳಬೇಕು. ಆಮೇಲೆ ಕ್ಯಾಬಿನೆಟ್ ಪವರ್ ಬಟನ್ ಒಂದೆರಡು ಸಲ ಒತ್ತಿದರೆ ಉಳಿದಿರೋ ಕರೆಂಟ್ ಇಳಿಯುತ್ತೆ. ಕ್ಯಾಬಿನೆಟ್‌ನ ಬಣ್ಣ ಇಲ್ಲದ ಕಬ್ಬಿಣದ ಭಾಗ ಮುಟ್ಟಿ ಕೈಯ ಸ್ಟ್ಯಾಟಿಕ್ ಕಳ್ಕೊಳ್ಳಿ. ಎಡಗಡೆ ಬಾಗಿಲು ತೆಗೆದರೆ ಮುಂಭಾಗದಲ್ಲಿ 3.5 ಇಂಚಿನ ಗೂಡು ಕಾಣುತ್ತೆ. ಏಳು ವರ್ಷದ ಧೂಳಿರುತ್ತೆ, ಹಲ್ಲಿ ಮೊಟ್ಟೆ ಇದ್ದರೂ ಗಾಬರಿ ಆಗಬೇಡಿ, ಒಣ ಬ್ರಷ್‌ನಲ್ಲಿ ಗುಡಿಸಿ. ಡಿಸ್ಕನ್ನ ಅಂಚು ಹಿಡಿದು ಗೂಡಿಗೆ ತಳ್ಳಿ, ಎರಡೂ ಕಡೆ ಎರಡೆರಡು ಸ್ಕ್ರೂ. ಒಂದೇ ಕಡೆ ಹಾಕಿ ಬಿಟ್ಟರೆ ಅದುರುತ್ತೆ. ದಪ್ಪ ಥ್ರೆಡ್‌ನ ಸ್ಕ್ರೂ ಹಾರ್ಡ್ ಡಿಸ್ಕ್‌ದು, ಸಣ್ಣ ಥ್ರೆಡ್‌ನದ್ದು 2.5 ಇಂಚಿನ ಎಸ್‌ಎಸ್‌ಡಿದು, ಅದಲು ಬದಲು ಮಾಡಿ ತಿರುಗಿಸಿದರೆ ಥ್ರೆಡ್ ಸವೆದುಹೋಗುತ್ತೆ.

ಕೇಬಲ್ ಎರಡು. ಸಣ್ಣದು ಡೇಟಾ, ಮದರ್‌ಬೋರ್ಡಿಗೆ ಹೋಗೋದು. ಅಗಲದ್ದು ಪವರ್, ಎಸ್‌ಎಂಪಿಎಸ್‌ನಿಂದ (ಕ್ಯಾಬಿನೆಟ್ ಒಳಗಿನ ಪವರ್ ಸಪ್ಲೈ ಡಬ್ಬ) ಬರೋದು. ಎರಡರ ಬಾಯಲ್ಲೂ ಇಂಗ್ಲಿಷ್ ಎಲ್ ಆಕಾರದ ತಿರುವು ಇದೆ, ಒಂದೇ ದಿಕ್ಕಿಗೆ ಕೂರುತ್ತೆ. ಬಲ ಹಾಕಬೇಡಿ. ಡೇಟಾ ಕೇಬಲನ್ನ ಚೂಪಾಗಿ ಮಡಿಚಬೇಡಿ. ಎಸ್‌ಎಂಪಿಎಸ್‌ನಲ್ಲಿ ಸಾಟಾ ಪವರ್ ಬಾಯಿ ಸಾಲದಿದ್ದರೆ ಹಳೇ ನಾಲ್ಕು ಪಿನ್ನಿನ ಕನೆಕ್ಟರ್‌ಗೆ ಹಾಕೋ ಪರಿವರ್ತಕ ಕೇಬಲ್ ಕೊಡ್ತಾರೆ. ಪ್ಲಾಸ್ಟಿಕ್ ಕರಗಿಸಿ ಎರಕ ಹೊಯ್ದ ಹಾಗಿರೋ ಅಗ್ಗದ್ದು ಬೇಡ. ಒಳಗೆ ತಂತಿಗಳು ಒಂದಕ್ಕೊಂದು ತಾಗಿ ಸುಟ್ಟಿರೋದು ನಾನೇ ಬಿಚ್ಚಿ ನೋಡಿದೀನಿ.

ವಿಂಡೋಸ್ ಹೊಸದಾಗಿ ಎಸ್‌ಎಸ್‌ಡಿಗೆ ಹಾಕುವಾಗ ಉಳಿದ ಎಲ್ಲಾ ಡಿಸ್ಕ್‌ಗಳ ಡೇಟಾ ಕೇಬಲ್ ತೆಗೆದಿಡಿ. ಇಲ್ಲದಿದ್ದರೆ ಬೂಟ್ ಭಾಗವನ್ನ ಅದು ಹಳೇ ಡಿಸ್ಕ್‌ನಲ್ಲೇ ಇಟ್ಟುಬಿಡಬಹುದು, ನಾಳೆ ಹಳೇದು ತೆಗೆದ ದಿನ ಸಿಸ್ಟಂ ಏಳಲ್ಲ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ನಿಮ್ಮ ಪ್ರೊಸೆಸರ್ ಒಪ್ಪಿದರೆ 11 ಹಾಕಿ.

ಇನ್ನೊಂದು, ಇದನ್ನ ನೋವಿನಿಂದಲೇ ಹೇಳ್ತೀನಿ. ನಾನು ಈ ಕೆಲಸಕ್ಕೆ ಬಂದ ಹೊಸದರಲ್ಲಿ ಒಬ್ಬರ ಸಿಸ್ಟಂನಲ್ಲಿ ಹಳೇದು, ಹೊಸದು ಎರಡೂ ಒಂದೇ ಕಂಪನಿ, ಒಂದೇ ಸೈಜು. ಡಿಸ್ಕ್ 0, ಡಿಸ್ಕ್ 1 ಅಂತ ಪಟ್ಟಿಯಲ್ಲಿ ಕಂಡಿದ್ದನ್ನ ನಂಬಿ ಹಳೇದರ ಪಾರ್ಟಿಷನ್, ಅಂದ್ರೆ ಡೇಟಾ ಇದ್ದ ಭಾಗವನ್ನೇ, ಅಳಿಸಿಬಿಟ್ಟೆ. ಅವರ ಮಗಳ ಆರು ವರ್ಷದ ಫೋಟೋ ಅದರಲ್ಲಿತ್ತು. ಮೂರು ದಿನ ಕೂತು ಹೆಚ್ಚಿನದನ್ನ ವಾಪಸ್ ತೆಗೆದೆ, ಎಲ್ಲಾ ಸಿಗಲಿಲ್ಲ. ಅವತ್ತಿನಿಂದ ಹೊಸ ಡಿಸ್ಕ್ ಸಿದ್ಧ ಮಾಡುವಾಗ ಹಳೇದರ ಕೇಬಲ್ ಕಿತ್ತಿಟ್ಟೇ ಕೂರೋದು. ನೀವೂ ಹಾಗೇ ಮಾಡಿ.

ಪ್ರಶ್ನೆ (ನಿವೃತ್ತ ಶಿಕ್ಷಕರು, ಕುವೆಂಪುನಗರ, ಮೈಸೂರು):

ಗಮಕ ವಾಚನದ ಹಳೆಯ ಕ್ಯಾಸೆಟ್‌ಗಳನ್ನು ಕಂಪ್ಯೂಟರ್‌ಗೆ ಇಳಿಸುತ್ತಿದ್ದೇನೆ. 4 ಟಿಬಿ ಡಿಸ್ಕ್ ಹಾಕಿಸಿದೆ. 2048 ಜಿಬಿ ಮಾತ್ರ ಬಳಸಲು ಬರುತ್ತಿದೆ, ಉಳಿದ ಸುಮಾರು 1,677 ಜಿಬಿ ಕಪ್ಪು ಪಟ್ಟಿಯಾಗಿ ಕುಳಿತಿದೆ. ಕೂಡಿಸಿದರೂ 4 ಸಾವಿರ ಆಗುವುದಿಲ್ಲ. ನನಗೆ ಮೋಸವಾಗಿದೆಯೇ?

ಉತ್ತರ:

ಮೋಸ ಆಗಿಲ್ಲ ಮೇಷ್ಟ್ರೇ. ಇದರಲ್ಲಿ ಎರಡು ಬೇರೆ ಬೇರೆ ಲೆಕ್ಕ ಸೇರಿಕೊಂಡಿದೆ. ಡಿಸ್ಕ್ ಮಾಡೋರಿಗೆ 1 ಟಿಬಿ ಅಂದರೆ 1 ಲಕ್ಷ ಕೋಟಿ ಬೈಟ್. ವಿಂಡೋಸ್ ಸಾವಿರದ ಬದಲು 1024ರಿಂದ ಭಾಗಿಸುತ್ತಾ ಹೋಗುತ್ತೆ, ಅದಕ್ಕೇ 4 ಟಿಬಿ 3,725 ಜಿಬಿಯಾಗಿ ಕಾಣುತ್ತೆ. ನೀವು ಕೂಡಿಸಿದ ಮೊತ್ತವೂ ಅದೇ.

2048ಕ್ಕೆ ನಿಂತದ್ದು ಡಿಸ್ಕನ್ನ ಎಂಬಿಆರ್ ಅನ್ನೋ ಹಳೇ ಪದ್ಧತಿಯಲ್ಲಿ ಸಿದ್ಧ ಮಾಡಿರೋದರಿಂದ. ಅದು ಎಣಿಸೋಕೆ ಸಾಧ್ಯ ಇರೋದು ಸೆಕ್ಟರ್ ಅನ್ನೋ ಸಣ್ಣ ತುಂಡುಗಳಲ್ಲಿ ಸುಮಾರು 429 ಕೋಟಿ ಮಾತ್ರ, ಒಂದೊಂದೂ 512 ಬೈಟ್. ಅದರಾಚೆ ಎಣಿಕೆಗೆ ಅಂಕಿಯೇ ಇಲ್ಲ. ಜಿಪಿಟಿ ಪದ್ಧತಿಗೆ ಬದಲಾಯಿಸಿದರೆ ಪೂರ್ತಿ ಸಿಗುತ್ತೆ. ಈಗಾಗಲೇ ಇಳಿಸಿದ ಗಮಕ ಏನಿದೆಯೋ ಅದನ್ನ ಮೊದಲು ಬೇರೆ ಕಡೆ ಕಾಪಿ ಮಾಡಿ, ಅದನ್ನ ಕೇಳಿ ನೋಡಿ. ಆಮೇಲೆ ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು, ಆ ಡಿಸ್ಕ್‌ನ ಪಾರ್ಟಿಷನ್ ಅಳಿಸಿ, ಡಿಸ್ಕ್ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿದರೆ ಜಿಪಿಟಿಗೆ ಬದಲಾಯಿಸೋ ಆಯ್ಕೆ ಬರುತ್ತೆ. ನಂತರ ಎನ್‌ಟಿಎಫ್‌ಎಸ್‌ನಲ್ಲಿ ಫಾರ್ಮ್ಯಾಟ್ ಮಾಡಿ. ಕೈ ನಡುಗಿದರೆ ಮಾಡಬೇಡಿ, ಒಂದು ಮಾತು ಹೇಳಿ, ಸಂಜೆ ನಾನೇ ಮನೆಗೆ ಬರ್ತೀನಿ. ಆ ಕ್ಯಾಸೆಟ್‌ಗಳನ್ನೂ ಬಿಸಾಡಬೇಡಿ, ದಯವಿಟ್ಟು.

ಪ್ರಶ್ನೆ (ಇಂಜಿನಿಯರಿಂಗ್ ವಿದ್ಯಾರ್ಥಿ, ಮಂಡ್ಯ):

ಸರ್, ಹೊಸ ಡಿಸ್ಕ್ ಬಯಾಸ್‌ನಲ್ಲೇ (ವಿಂಡೋಸ್‌ಗೂ ಮೊದಲು ಬರೋ ಸೆಟ್ಟಿಂಗ್ ಪರದೆ) ಕಾಣ್ತಿಲ್ಲ. ಡೆಡ್ ಪೀಸಾ?

ಉತ್ತರ:

ಆನ್ ಮಾಡಿ ಡಿಸ್ಕ್ ಮೇಲೆ ಮೆಲ್ಲಗೆ ಬೆರಳಿಡಿ. ಗುಂಯ್ ಅಂತ ತಿರುಗ್ತಿದ್ದರೆ ಪವರ್ ಸರಿ ಇದೆ, ಡೇಟಾ ಕೇಬಲ್ ಬದಲಾಯಿಸಿ, ಇನ್ನೊಂದು ಪೋರ್ಟ್‌ಗೆ ಹಾಕಿ. ಎಂ.2 ಎಸ್‌ಎಸ್‌ಡಿ ಹಾಕಿದ್ದರೆ ಕೆಲವು ಮದರ್‌ಬೋರ್ಡ್‌ಗಳಲ್ಲಿ ಒಂದೆರಡು ಸಾಟಾ ಪೋರ್ಟ್ ತಾವಾಗೇ ಬಂದ್ ಆಗ್ತವೆ, ಮ್ಯಾನುಯಲ್‌ನಲ್ಲಿ ಯಾವುದು ಅಂತ ಬರೆದಿರುತ್ತೆ. ತಿರುಗ್ತಾನೇ ಇಲ್ಲ, ಅದೂ ಸರ್ವರ್‌ಗೆ ಹಾಕೋ ದೊಡ್ಡ ಸೈಜಿನ ಡಿಸ್ಕ್ ಅಂದ್ರೆ ಪವರ್ ಕನೆಕ್ಟರ್‌ನ ಮೂರನೇ ಪಿನ್ ಕಾರಣ ಇರಬಹುದು. ಹೊಸ ಸಾಟಾ ನಿಯಮದಲ್ಲಿ ಆ ಪಿನ್‌ಗೆ 3.3 ವೋಲ್ಟ್ ಬಂದರೆ ಡಿಸ್ಕ್ ಆಫ್ ಆಗಬೇಕು ಅಂತ ಇದೆ, ಹಳೇ ಎಸ್‌ಎಂಪಿಎಸ್ ಅದನ್ನ ಸದಾ ಕೊಡ್ತಾನೇ ಇರುತ್ತೆ. ಇವೆಲ್ಲ ನೋಡಿದ ಮೇಲೆ ಬದಲಿ ಕೇಳಿ.

ಪ್ರಶ್ನೆ (ಗೃಹಿಣಿ, ಮೈಸೂರು):

ನಮ್ಮ ಹಳೇ ಡಿಸ್ಕ್ ನಿನ್ನೆಯಿಂದ ಟಿಕ್ ಟಿಕ್ ಅಂತಿದೆ. ತೀರಿಹೋದ ನಮ್ಮ ಅಪ್ಪನ ವಿಡಿಯೋ ಅದರಲ್ಲೇ ಇದೆ. ಫ್ರಿಜ್‌ನಲ್ಲಿಟ್ಟರೆ ಸರಿಯಾಗುತ್ತೆ ಅಂತ ಒಬ್ಬರು ಹೇಳಿದರು.

ಉತ್ತರ:

ಅಕ್ಕ, ಇದನ್ನ ಓದಿದ ತಕ್ಷಣ ಸಿಸ್ಟಂ ಆಫ್ ಮಾಡಿ. ಮತ್ತೆ ಆನ್ ಮಾಡಿ ನೋಡಬೇಡಿ, ಯಾವ ಸ್ಕ್ಯಾನೂ ಓಡಿಸಬೇಡಿ. ಫ್ರಿಜ್‌ನಲ್ಲಿಟ್ಟರೆ ತೇವ ಕೂರುತ್ತೆ. ಡಿಸ್ಕ್ ಒಳಗೆ ಹೆಡ್ ತಟ್ಟೆಯಿಂದ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲುತ್ತೆ, ಅದಕ್ಕೆ ಒಂದು ಧೂಳಿನ ಕಣವೂ ಬಂಡೆ ಇದ್ದ ಹಾಗೆ. ಆ ಟಿಕ್ ಟಿಕ್ ಸಾಮಾನ್ಯವಾಗಿ ಹೆಡ್ ಜಾಗ ಸಿಗದೆ ಹೊಡ್ಕೊಳ್ಳೋ ಸದ್ದು. ಆನ್ ಇಟ್ಟಷ್ಟು ಹೊತ್ತು ತಟ್ಟೆ ಕೆರೆದುಹೋಗಬಹುದು. ನಮ್ಮಂಥ ಅಂಗಡಿಯವರೂ ಇದನ್ನ ತೆರೀಬಾರದು. ಧೂಳಿಲ್ಲದ ಕ್ಲೀನ್ ರೂಮ್ ಇರೋ ಡೇಟಾ ರಿಕವರಿ ಲ್ಯಾಬ್‌ಗೇ ಕೊಡಬೇಕು. ಖರ್ಚು ಡಿಸ್ಕ್ ಬೆಲೆಗಿಂತ ಎಷ್ಟೋ ಪಟ್ಟು ಆಗುತ್ತೆ, ಮೊದಲೇ ಕೇಳಿಕೊಳ್ಳಿ. ಬಟ್ಟೆಯಲ್ಲಿ ಸುತ್ತಿ, ಅಲುಗಾಡದ ಹಾಗೆ ಡಬ್ಬದಲ್ಲಿಡಿ.

ಪ್ರಶ್ನೆ (ಸ್ಟುಡಿಯೋದವರು, ಹತ್ತು ದಿನದ ಮೇಲೆ):

ಅಣ್ಣ, ಎಲ್ಲಾ ಹಾಕ್ದೆ! ಸಿಸ್ಟಂ ಬಾಣದಂಗೆ ಓಡ್ತೈತೆ. ಡಿಸ್ಕ್ ಆರೋಗ್ಯ ತೋರ್ಸೋ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಸಾಫ್ಟ್‌ವೇರ್ ಹಾಕಿ ನೋಡ್ದೆ, ಹೊಸ ಡಿಸ್ಕ್‌ನಲ್ಲಿ ಸಿ7 ಅನ್ನೋ ಸಾಲಲ್ಲಿ 9 ಅಂತ ಐತೆ. ಭಯ ಇಲ್ವಾ?

ಉತ್ತರ:

ತುಂಬಾ ಸಂತೋಷ ಅಣ್ಣ. ಸಿ7 ಅಂದರೆ ಕೇಬಲ್‌ನಲ್ಲಿ ಡೇಟಾ ಹಾಳಾಗಿ ಮತ್ತೆ ಕಳಿಸಿದ ಲೆಕ್ಕ. ಡೇಟಾ ಕೇಬಲ್ ಬದಲಾಯಿಸಿ. ಆ 9 ಕಮ್ಮಿ ಆಗಲ್ಲ, ಜಾಸ್ತಿ ಆಗದಿದ್ದರೆ ಸರಿ. ನೀವು ಕಣ್ಣಿಡಬೇಕಾದ್ದು 05, ಸಿ5, ಸಿ6 ಸಾಲುಗಳ ಮೇಲೆ, ಅವು ತಟ್ಟೆಯೇ ಕೆಡ್ತಿರೋದನ್ನ ಹೇಳ್ತವೆ. ಅವು ಸೊನ್ನೆ ಬಿಟ್ಟು ಏರೋಕೆ ಶುರುವಾದರೆ ವಾರಂಟಿಗೆ ಹೋಗಿ. ಓಡಿದ ಗಂಟೆಗಳ ಲೆಕ್ಕವೂ ನೋಡಿ. ಹತ್ತು ದಿನಕ್ಕೆ 240 ಗಂಟೆ ದಾಟೋಕಾಗಲ್ಲ, ಸಾವಿರಗಟ್ಟಲೆ ತೋರಿಸಿದರೆ ಬಳಸಿದ ಡಿಸ್ಕ್ ಕೊಟ್ಟಿದಾರೆ ಅಂತ.

ಎರಡನೇ 4 ಟಿಬಿಯನ್ನ ಕ್ಯಾಬಿನೆಟ್ ಒಳಗೇ ಹಾಕಿಬಿಟ್ಟಿದ್ದರೆ ತೆಗೀರಿ. ಏಪ್ರಿಲ್ ಮೇನಲ್ಲಿ ಗುಡುಗು ಮಿಂಚು ಬಂದು ಎಸ್‌ಎಂಪಿಎಸ್ ಹೋದರೆ ಎರಡನ್ನೂ ಕರ್ಕೊಂಡು ಹೋಗಬಹುದು. ಬೇರೆ ಅಡಾಪ್ಟರ್ ಇರೋ ಯುಎಸ್‌ಬಿ ಡಾಕ್ (ಡಿಸ್ಕನ್ನ ಹೊರಗಿನಿಂದ ಜೋಡಿಸೋ ಸ್ಟ್ಯಾಂಡ್) ಒಂದು ತಗೊಂಡು, ವಾರಕ್ಕೊಮ್ಮೆ ಕಾಪಿ ಮಾಡಿ, ಡಿಸ್ಕ್ ಮನೆಗೆ ಒಯ್ದು ಬೀರುವಿನಲ್ಲಿಡಿ. ಈ ಭಾನುವಾರ ಮನೆಯ ಡಿಸ್ಕ್‌ನಿಂದ ಹಳೇ ಮದುವೆ ನಾಲ್ಕೈದು ಫೋಲ್ಡರ್ ತೆರೆದು ಫೋಟೋ, ವಿಡಿಯೋ ನಿಜವಾಗಿ ಓಡ್ತವಾ ನೋಡಿ. ಓಡಿದ ಮೇಲೆ ಆ ಏಳು ವರ್ಷದ 1 ಟಿಬಿಯನ್ನ ಖಾಲಿ ಮಾಡಿ.