ಆಲೆಮನೆ ಮಾಡು, ಜೂನ್ ಕಳೆಯಲಿ

ಮನೆ ಗುಂಪಿಗೆ ಬಂದ ಪೋಸ್ಟರ್: "ಸಂಬಳದ ಗುಲಾಮಗಿರಿ ಸಾಕು! ಪಿಎಫ್ ತೆಗೆಯಿರಿ, ಆರು ತಿಂಗಳ ಖರ್ಚು ಇಟ್ಟುಕೊಳ್ಳಿ, ಸ್ವಂತ ಉದ್ಯಮಕ್ಕೆ ಇಳಿಯಿರಿ!"

ಪಾಂಡವಪುರ ಚಿಕ್ಕಪ್ಪ: ಪುಟ್ಟ, ನಿನಗೋಸ್ಕರವೇ ಹಾಕಿದ್ದು. ನಮ್ಮೂರ ಆಲೆಮನೆ ಬಾಡಿಗೆಗೆ ಇದೆ. ಕೆಮಿಕಲ್ ಹಾಕದ ಬೆಲ್ಲಕ್ಕೆ ಜನ ಹುಡುಕಿಕೊಂಡು ಬರುತ್ತಾರೆ.

ಭಾವ: ಮಾವ, ಸುಮ್ನೆ ಹುಡುಗನ ತಲೆ ಕೆಡಿಸಬೇಡಿ. ಮೈಸೂರಲ್ಲಿ ಕೂತಲ್ಲೇ ಸಂಬಳ ಬರುತ್ತಿದೆ.

ಚಿಕ್ಕಪ್ಪ: ಅಳಿಯಂದಿರೇ, ಕೂತಲ್ಲೇ ಬೆನ್ನುನೋವೂ ಬರುತ್ತಿದೆಯಂತೆ.

ಪುಟ್ಟ: ರಾಜೀನಾಮೆ ಟೈಪ್ ಮಾಡಿ ಇಟ್ಟಿದ್ದೇನೆ. ಸೋಮವಾರ ಕಳಿಸುತ್ತೇನೆ. ಪಿಎಫ್ ಇದೆ, ಆರು ತಿಂಗಳ ಖರ್ಚೂ ಇದೆ.

ಅಕ್ಕ: ಕೆಲಸ ಬಿಡಬೇಡ ಅನ್ನಲ್ಲ. ಈ ಸೋಮವಾರ ಬೇಡ. ನೋಟಿಸ್ ಎರಡು ತಿಂಗಳು, ಮೇ ಮಧ್ಯಕ್ಕೆ ಹೊರಗೆ ಬರುತ್ತೀಯ. ನಿನಗೆ ಐದು ವರ್ಷ ತುಂಬುವುದು ಜೂನ್ ಕೊನೆಗೆ. ಐದು ವರ್ಷ ದುಡಿದವರಿಗೆ ಕೆಲಸ ಬಿಡುವಾಗ ಕಂಪನಿ ಕೊಡುವ ದುಡ್ಡು, ಗ್ರಾಚ್ಯುಟಿ, ಹೋಯಿತಲ್ಲ! ತಿಂಗಳಿಗೆ 26 ದಿನ ಅಂತ ಹಿಡಿದು, ವರ್ಷಕ್ಕೆ 15 ದಿನದ ಸಂಬಳ ಕೊಡುತ್ತಾರೆ. ನಿನ್ನ ಬೇಸಿಕ್ (ಮೂಲ ವೇತನ) 26,000. ಐದು ವರ್ಷಕ್ಕೆ 75,000. ಪಿಎಫ್ ಕೂಡ ಐದು ವರ್ಷಕ್ಕೆ ಮೊದಲೇ ತೆಗೆದರೆ ತೆರಿಗೆ ಬೀಳುತ್ತದೆ.

ಭಾವ: ಗ್ರಾಚ್ಯುಟಿಗೆ ನಾಲ್ಕು ವರ್ಷ 240 ದಿನ ಆದರೆ ಸಾಕು ಅಂತ ಕೋರ್ಟ್ ಹೇಳಿದೆಯಲ್ಲ?

ಅಕ್ಕ: ಮದ್ರಾಸ್ ಹೈಕೋರ್ಟ್ ಹೇಳಿದ್ದು ನಿಜ. ಎಲ್ಲ ಕಂಪನಿಯೂ ಒಪ್ಪಲ್ಲ ರೀ. ಒಂದೂವರೆ ತಿಂಗಳಿಗೋಸ್ಕರ ವಕೀಲರ ಮನೆ ಸುತ್ತಬೇಕಾ? ಅಂದಹಾಗೆ, ಈಗ ಯಾರ ಪರ ನೀವು?

ಚಿಕ್ಕಪ್ಪ: ಅಲ್ಲಿವರೆಗೆ ಕಾದರೆ ಮಳೆ ಹಿಡಿಯುತ್ತದಲ್ಲಮ್ಮ.

ಅಕ್ಕ: ಅದಕ್ಕೇ ಹೇಳಿದ್ದು ಚಿಕ್ಕಪ್ಪ. ಮೇನಲ್ಲಿ ಬಂದು ಕೈ ಕುದುರುವಷ್ಟರಲ್ಲಿ ಮಳೆ. ಕಬ್ಬಿನ ಸಿಪ್ಪೆ ಒಣಗದಿದ್ದರೆ ಒಲೆಗೆ ಏನು ಹಾಕುತ್ತೀರಿ? ಆ ತಿಂಗಳುಗಳಲ್ಲಿ ಇವನು ಸಂಬಳ ಎಣಿಸಲಿ. ಇನ್ನೊಂದು. ಒಂದು ಟನ್ ಕಬ್ಬು ಅರೆದರೆ ಸುಮಾರು 100 ಕೆಜಿ ಬೆಲ್ಲ. ಕಬ್ಬಿಗೂ ಆಳಿಗೂ ದುಡ್ಡು ಮೊದಲೇ ಹೋಗುತ್ತದೆ. ಪುಟ್ಟ, ಆ ಆರು ತಿಂಗಳ ಖರ್ಚು ಅಂದೆಯಲ್ಲ, ಅದು ಮನೆಗಾ, ಕೊಪ್ಪರಿಗೆಗಾ?

ಪುಟ್ಟ: ಎರಡಕ್ಕೂ ಅಂದುಕೊಂಡಿದ್ದೆ.

ಅಕ್ಕ: ಎರಡೂ ಬೇರೆ ಅಕೌಂಟ್‌ನಲ್ಲಿ ಇರಲಿ. ಮನೆ ದುಡ್ಡು ಮುಟ್ಟಬೇಡ. ಮಳೆಗಾಲವೂ ಸೇರಿ ಒಂದು ವರ್ಷಕ್ಕಾದರೂ ಬೇಕು. ಪಿಎಫ್ ಅಲ್ಲೇ ಬಿದ್ದಿರಲಿ, ಬಡ್ಡಿ ಬರುತ್ತದೆ. ಕೆಲಸ ಬಿಟ್ಟ ಮೇಲಿನ ಬಡ್ಡಿಗೆ ತೆರಿಗೆ ಇದೆ, ಅಷ್ಟೇ.

ಅಕ್ಕ: ನನಗೆ ಜಾಸ್ತಿ ಭಯ ಅಪ್ಪನದು. ಬಿಪಿ, ಶುಗರ್ ಎರಡೂ ಇದೆ. ಈಗ ಅವರಿರುವುದು ನಿನ್ನ ಕಂಪನಿ ವಿಮೆಯಲ್ಲಿ. ನೀನು ಹೊರಗೆ ಬಂದರೆ ಅದೂ ಮುಗಿಯಿತು. ಹೊಸ ಪಾಲಿಸಿ ತೆಗೆದರೆ ಇರುವ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಿಸಬಹುದು. ಅದೇ ವಿಮಾ ಕಂಪನಿಯಲ್ಲಿ ಸ್ವಂತ ಪಾಲಿಸಿಗೆ ಬದಲಾಯಿಸಿಕೊಡುತ್ತಾರಾ, ಕಂಪನಿ ವಿಮೆಯಲ್ಲಿ ಕಳೆದ ವರ್ಷಗಳು ಆ ಕಾಯುವ ಲೆಕ್ಕಕ್ಕೆ ಬರುತ್ತವಾ ಅಂತ ರಾಜೀನಾಮೆಗೆ ಮೊದಲೇ ಕೇಳು. ಬರೆದುಕೊಡಲಿ. ಫೋನಲ್ಲಿ ಹೇಳಿದ್ದನ್ನು ನಂಬಬೇಡ.

ಅಪ್ಪ: ನನ್ನ ಶುಗರ್ ವಿಷಯ ಊರಿಗೆಲ್ಲ ಹೇಳಬೇಕಿತ್ತಾ?

ಚಿಕ್ಕಪ್ಪ: ಅಣ್ಣ, ಬೆಲ್ಲ ನೀನು ತಿನ್ನಬೇಡ, ಮಾರು.

ಭಾವ: 😂

ಪುಟ್ಟ: ಆಯ್ತು ಅಕ್ಕ, ಮೇ ಆದ ಮೇಲೆ ಕಳಿಸುತ್ತೇನೆ. ವಿಮೆಯವರಿಗೆ ಈಗಲೇ ಮೇಲ್ ಹಾಕುತ್ತೇನೆ. ಚಿಕ್ಕಪ್ಪ, ಆಲೆಮನೆಗೆ ಅಡ್ವಾನ್ಸ್ ಮಾತ್ರ ಈಗ ಕೊಡಬೇಡಿ.

ಚಿಕ್ಕಪ್ಪ: ಕೊಟ್ಟಾಯ್ತಲ್ಲೋ.

ಅಕ್ಕ: ಎಷ್ಟು?