ಅಪ್‌ಡೇಟ್: ಮನೆಯಿಂದ ದುಡ್ಡು ಹಾಕದೆ ಪಿಎಚ್‌ಡಿ ಮಾಡಬಹುದಾ ಅಂತ ಕೇಳಿದ್ದೆನಲ್ಲ

ಮೆಕ್ಯಾನಿಕಲ್‌ನಲ್ಲಿ ಎಂ.ಟೆಕ್ ಆಗಿದೆ, ಗೇಟ್ (ಎಂಜಿನಿಯರಿಂಗ್ ಉನ್ನತ ಓದಿಗೆ ಬರೆಯೋ ರಾಷ್ಟ್ರಮಟ್ಟದ ಪರೀಕ್ಷೆ) ಸ್ಕೋರ್ ಇದೆ, ಅಪ್ಪನ ಹತ್ತಿರ ಇನ್ನು ಕೈಚಾಚೋ ಹಾಗಿಲ್ಲ, ಏನು ದಾರಿ ಅಂತ ಕೇಳಿದ್ದೆ. ಬೆಂಗಳೂರಿನ ಐಐಎಸ್‌ಸಿಯಲ್ಲಿ ಸೀಟು ಸಿಕ್ಕಿತು! ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

ಇಂಟರ್‌ವ್ಯೂನಲ್ಲಿ ಗೇಟ್ ಸ್ಕೋರ್ ಬಗ್ಗೆ ಯಾರೂ ಸೊಲ್ಲೆತ್ತಲಿಲ್ಲ. ಸಲಾಕೆಯ ಒಂದು ತುದಿ ಕಾಯಿಸಿದರೆ ಶಾಖ ಹೇಗೆ ಹರಿಯುತ್ತೆ, ಬೋರ್ಡ್ ಮೇಲೆ ಸಮೀಕರಣ ಬರೀರಿ ಅಂದರು. ಬರೆದೆ. "ಸರಿ, ಇನ್ನೊಂದು ತುದಿಗೆ ಗಾಳಿ ಬಡೀತಿದೆ, ಈಗ?" ಹೆಚ್ಚಿನ ಸಮಯ ಅದರಲ್ಲೇ ಹೋಯಿತು. ಬೌಂಡರಿ ಕಂಡೀಷನ್, ಅಂದರೆ ತುದಿಗಳಲ್ಲಿ ಏನಾಗುತ್ತೆ ಅನ್ನೋ ಷರತ್ತು, ಬಾಯಿಪಾಠ ಮಾಡಿದ್ದರೆ ಸಾಲದು, ಯಾಕೆ ಹಾಗೆ ಅಂತ ಹೇಳಬೇಕು.

ದುಡ್ಡಿನ ವಿಷಯ: 2023ರಲ್ಲಿ ಏರಿಸಿದ ಲೆಕ್ಕದಂತೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ ಸ್ಟೈಪೆಂಡ್, ಆಮೇಲೆ 42,000. ಪ್ರೈಮ್ ಮಿನಿಸ್ಟರ್ಸ್ ರಿಸರ್ಚ್ ಫೆಲೋಶಿಪ್ ಆಗಿದ್ದರೆ 70,000ದಿಂದ ಶುರು. ಅದು ನನಗೆ ದಕ್ಕಲಿಲ್ಲ ಬಿಡಿ.

"ಸುಮ್ಮನೆ ಪ್ರಾಜೆಕ್ಟ್ ಜೆಆರ್‌ಎಫ್ ಸೇರ್ಕೋ" (ಜೂನಿಯರ್ ರಿಸರ್ಚ್ ಫೆಲೋ, ಅಂದರೆ ಒಂದು ಸಂಶೋಧನಾ ಪ್ರಾಜೆಕ್ಟ್‌ನ ದುಡ್ಡಲ್ಲಿ ಸಿಗೋ ಕೆಲಸ) ಅಂದಿದ್ದವರಿಗೆ: ಬೇರೆ ಕಡೆ ಅಂಥ ಆಫರ್ ಇತ್ತು. ಆದರೆ ಪ್ರಾಜೆಕ್ಟ್ ಮುಗಿದರೆ ಸಂಬಳವೂ ನಿಲ್ಲುತ್ತೆ, ಪಿಎಚ್‌ಡಿ ಅಡ್ಮಿಷನ್ ಬೇರೆಯೇ ಆಗಬೇಕು. ಪಿಎಚ್‌ಡಿ ರಿಜಿಸ್ಟ್ರೇಷನ್ ಬಗ್ಗೆ ಕೇಳಿದರೆ ಅಲ್ಲಿಯವರು "ಆಮೇಲೆ ನೋಡೋಣ" ಅಂದರು, ಕೈಬಿಟ್ಟೆ.

ಆಗಸ್ಟ್‌ನಿಂದ ಕೋರ್ಸ್‌ವರ್ಕ್. ಹಾಸ್ಟೆಲ್ ರೂಮು ಬೇಗ ಸಿಗುತ್ತಾ, ಇಲ್ಲ ಯಶವಂತಪುರದ ಕಡೆ ಪಿಜಿ ನೋಡಿಕೊಳ್ಳಲಾ?